ಹೆಸರು ಹೇಳಬೇಡಿ ಎಂದಿದ್ದಳು

ನಮ್ಮಕ್ಕನ ಬಾಳಿಗೆ ಕಲ್ಲು ಹಾಕಿದವರು ಕೆಟ್ಟವರಲ್ಲ. ನನ್ನ ಹೊಟ್ಟೆ ಉರಿಯುವುದೇ ಅದಕ್ಕೆ. ಕೆಟ್ಟವರಾಗಿದ್ದರೆ ಬೀದಿಯಲ್ಲಿ ನಿಂತು ಹಿಡಿಶಾಪ ಹಾಕಿ ಹಗುರಾಗುತ್ತಿದ್ದೆ.

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಹದಿನಾಲ್ಕು ವರ್ಷ ದುಡಿದವಳು. ಒದ್ದೆ ಚಾದರಗಳನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಗೆ ಕೊಡುವ ಕೆಲಸ. ಈ ಕಡೆ ಇಬ್ಬರು ಅಂಚು ಹಿಡಿದು ಕೊಡಬೇಕು, ಆ ಕಡೆ ಇಬ್ಬರು ಎಳೆದು ಮಡಿಸಬೇಕು. ಒಬ್ಬರು ತಡಮಾಡಿದರೂ ಚಾದರ ಸುಕ್ಕು, ಇಲ್ಲವೇ ಬೆರಳಿಗೆ ಬೊಬ್ಬೆ. ಅದಕ್ಕೇ ಅಕ್ಕ ಕಾಲಲ್ಲಿ ತಾಳ ಹಾಕುತ್ತಿದ್ದಳು. ಉಳಿದ ಮೂವರ ಕೈ ಆ ತಾಳಕ್ಕೆ ಓಡುತ್ತಿತ್ತು. ಊಟದ ಬಿಡುವಿನಲ್ಲಿ ಬಟ್ಟೆಬುಟ್ಟಿ ಬೋರಲು ಹಾಕಿ ಬಾರಿಸುವಳು. ಬಟ್ಟೆ ಸಾಗಿಸುವ ವ್ಯಾನಿನ ಡ್ರೈವರ್ ಅದನ್ನು ಕೇಳಿಸಿಕೊಂಡ. ಅವನು ಸಂಜೆ ಹೊತ್ತು ಜಾಝ್ ತಂಡವೊಂದರಲ್ಲಿ ಬಾಸ್ ಎಂಬ ಆಳೆತ್ತರದ ತಂತಿವಾದ್ಯ ಮೀಟುವವನು. ಡ್ರಮ್ ಬಾರಿಸಲು ಅಕ್ಕನನ್ನೂ ತಂಡಕ್ಕೆ ಕರೆದೊಯ್ದ. ಅಲ್ಲಿಗೆ ಶುರುವಾಯಿತು ನಮ್ಮ ಗ್ರಹಚಾರ.

ತಂಡದಲ್ಲಿ ಒಂಬತ್ತು ಜನ, ಏಳು ದೇಶದವರು. ಸೈಕಲ್ ಅಂಗಡಿಯ ಮೇಲಿನ ಕೋಣೆಯಲ್ಲಿ ಅಭ್ಯಾಸ. ಒಬ್ಬಳ ಅಜ್ಜಿಯ ಮರಳುಗಾಡಿನ ಹಾಡು, ಇನ್ನೊಬ್ಬನ ಊರಿನ ಬೆಸ್ತರ ತಾಳ, ಎಲ್ಲ ಕಲಸಿ ನುಡಿಸುವರು. ಬರೀ ನುಡಿಸಿದರೆ ಅವರಿಗೆ ಸಾಲದು. ಮನೆ ಕೆಡವಿದಲ್ಲಿ, ಕೆಲಸದಿಂದ ತೆಗೆದಲ್ಲಿ, ನದಿಗೆ ವಿಷ ಬಿಟ್ಟಲ್ಲಿ ವಾದ್ಯ ಹೊತ್ತು ಹಾಜರ್. ಸ್ಯಾಕ್ಸೊಫೋನ್ ಊದುವ ಶಾಲಾ ಮೇಷ್ಟ್ರು ಮುಂದಾಳು. ತಮ್ಮ ಹಲ್ಲು ನೋವಿಗೂ ಸಮಾಜವೇ ಕಾರಣ ಎನ್ನುವ ಪೈಕಿ. ಆದರೂ ಸುಳ್ಳೇಕೆ ಹೇಳಲಿ, ಅಲ್ಲಿ ಬಾರಿಸುವಾಗ ಅಕ್ಕನ ಮುಖ ನೋಡಿ ನನಗೇ ಹೊಟ್ಟೆಕಿಚ್ಚಾಗುತ್ತಿತ್ತು.

ಅವರದೊಂದು ರೂಢಿಯಿತ್ತು. ಯಾರದೇ ಸೋಲೋ, ಅಂದರೆ ಒಬ್ಬರೇ ನುಡಿಸುವ ಸರದಿ, ಮುಗಿದ ಕೂಡಲೇ ಮೇಷ್ಟ್ರು ಮೈಕಿನಲ್ಲಿ ಅವರ ಹೆಸರು, ಹುಟ್ಟಿದ ನೆಲ, ಮಾಡುವ ಕೆಲಸ ಕೂಗಿ ಹೇಳಬೇಕು. ಯಾರೂ ಹೆಸರಿಲ್ಲದವರಾಗಬಾರದು ಎಂಬುದು ಅವರ ತತ್ವ.

ಲಾಂಡ್ರಿಯವರು ಅಕ್ಕನ ಜೊತೆಗಿದ್ದ ಎಂಟು ಹೆಂಗಸರನ್ನು ಕೆಲಸ ಬಿಡಿಸಿ ಮನೆಗೆ ಕಳಿಸಿದರು. ಸರಿ, ಗೇಟಿನ ಮುಂದೆ ನುಡಿಸುವುದೆಂದು ತಂಡ ತೀರ್ಮಾನಿಸಿತು. ಅಕ್ಕ ಇಲ್ಲವೆನ್ನಲಿಲ್ಲ. ಆದರೆ ನಾವಿದ್ದ ಎರಡು ಕೋಣೆ ಲಾಂಡ್ರಿಯವರದೇ. ಕೆಲಸ ಹೋದರೆ ಅಕ್ಕ, ಅವಳ ಮಗಳು, ನಾನು, ಮೂವರೂ ಬೀದಿಪಾಲು.

"ಹಿಂದ್ಗಡೆ ನಿಂತು ಬಾರಿಸ್ತೀನಿ. ಸೋಲೋ ಬೇಡ. ದಯವಿಟ್ಟು ಹೆಸರು ಹೇಳ್ಬೇಡಿ," ಅಂದಳು.

"ಪ್ರಾಣ ಹೋದ್ರೂ ಹೇಳಲ್ಲಮ್ಮ," ಅಂದರು ಮೇಷ್ಟ್ರು. ನಾನು ಅಲ್ಲೇ ಇದ್ದೆ.

ಮಟಮಟ ಮಧ್ಯಾಹ್ನ. ಅಕ್ಕ ಹಣೆ ಮುಚ್ಚುವಂತೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಮೇಲಿನ ಕಿಟಕಿಯಲ್ಲಿ ಸೂಪರ್‌ವೈಸರ್ ಕೈಕಟ್ಟಿ ನಿಂತಿದ್ದ. ಮೂರು ಹಾಡು ಸುಸೂತ್ರ. ನಾಲ್ಕನೆಯದರಲ್ಲಿ ಬಾಸಿನ ತಂತಿ ಪಟ್ಟೆಂದು ಕಡಿದು ಎಲ್ಲರೂ ಗಕ್ಕನೆ ನಿಂತರು. ಅಕ್ಕನ ಕೈ ನಿಲ್ಲಲಿಲ್ಲ. ತಡಮಾಡಿದರೆ ಬೆರಳು ಸುಡುತ್ತದೆಂದು ಹದಿನಾಲ್ಕು ವರ್ಷ ಕಲಿತ ಕೈ ಅದು. ಎರಡು ನಿಮಿಷ ಒಬ್ಬಳೇ ಬಾರಿಸಿದಳು. ಜನ ಹುಚ್ಚೆದ್ದು ಕೂಗಿದರು. ಮೇಷ್ಟ್ರ ಕಣ್ಣಲ್ಲಿ ನೀರು. ಮೈಕಿಗೆ ಬಾಯಿಟ್ಟು ಅಕ್ಕನ ಹೆಸರು, ನಮ್ಮಪ್ಪನ ಹೆಸರು, ಹುಟ್ಟಿದೂರು ಎಲ್ಲ ಹೇಳಿ, "ಇದೇ ಗೋಡೆ ಹಿಂದೆ ಹದಿನಾಲ್ಕು ವರ್ಷದಿಂದ ದುಡೀತಿದ್ದಾರೆ!" ಎಂದು ಕೈ ತೋರಿಸಿದರು.

ಮರುದಿನ ಬೆಳಗ್ಗೆ ಅಕ್ಕನ ಗುರುತಿನ ಚೀಟಿ ಕಿತ್ತುಕೊಂಡರು. ಕೋಣೆ ಬಿಡಲು ಒಂದು ತಿಂಗಳು.

ಮೇಷ್ಟ್ರು ಮನೆಗೆ ಬಂದು ಅತ್ತರು. ನಾನು ಕೂರಿ ಎನ್ನಲಿಲ್ಲ.

"ಅಭ್ಯಾಸ ಬಲ, ಬಾಯಿ ತಪ್ಪಿ ಬಂದ್ಬಿಡ್ತು," ಅಂದರು.

"ನಿಮ್ ಬಾಯಿ ತಪ್ಪಿತು, ನಮ್ ಬಾಯಿಗೆ ಮಣ್ಣು ಬಿತ್ತು," ಅಂದೆ ನಾನು.

"ಹೋರಾಡೋಣಮ್ಮ."

"ಆಯ್ತು. ರಾತ್ರಿ ಎಲ್ಲಿ ಮಲಗಿ ಹೋರಾಡೋಣ, ಅದನ್ನೂ ಹೇಳಿ."

ಅಕ್ಕ ನನ್ನನ್ನೇ ಗದರಿ ಒಳಗೆ ಕಳಿಸಿದಳು. ಅವಳ ಮೇಲೂ ನನಗೆ ಸಿಟ್ಟು ಬಂತು, ಇವತ್ತಿಗೂ ಇದೆ.

ಅವರು ಮಾಡಿದ್ದೇನು ಗೊತ್ತೇ? ಅಕ್ಕನ ಹೆಸರಲ್ಲಿ ಹೊಸ ಹಾಡು ಕಟ್ಟಿದರು. ಮೂರನೇ ಭಾನುವಾರ ದೊಡ್ಡ ಸಭಾಂಗಣ, ಕಾಲಿಡಲು ಜಾಗವಿಲ್ಲ. ಹಾಡು ಮುಗಿದ ಮೇಲೆ ಮೇಷ್ಟ್ರು ಅಕ್ಕನನ್ನು ಮೈಕಿನ ಮುಂದೆ ನಿಲ್ಲಿಸಿದರು.

"ನಂಗೆ ಭಾಷಣ ಬರಲ್ಲ," ಅಂದಳು. "ಮುಂದಿನ ವಾರ ಮನೆ ಬಿಡ್ಬೇಕು. ಇಲ್ಲಿ ಯಾರ ಹತ್ರನಾದ್ರೂ ಕೆಲಸ ಇದ್ಯಾ? ಏನಾದ್ರೂ ಸರಿ. ಬೆಳಗ್ಗೆ ಐದಕ್ಕೇ ಬರ್ತೀನಿ."

ಮುಂದಿನ ಸಾಲಿನಲ್ಲೊಬ್ಬರು ಎದ್ದು ಚಪ್ಪಾಳೆ ತಟ್ಟಿದರು. ಸಭೆಗೆ ಸಭೆಯೇ ಎದ್ದಿತು. ಕೆಲವರು ಕಣ್ಣೊರೆಸಿಕೊಂಡರು.

"ಇದ್ಯಾ?" ಅಕ್ಕ ಮತ್ತೆ ಕೇಳಿದಳು.

ಆ ಮಾತನ್ನೇ ಹಾಡಿನ ಸಾಲೆಂಬಂತೆ ಹಿಡಿದು ತಂಡದ ಪಿಯಾನೋದವಳು ಸ್ವರ ಕೊಟ್ಟಳು, ಬಾಸು ಸೇರಿಕೊಂಡಿತು, ಮೇಷ್ಟ್ರು ಕಣ್ಮುಚ್ಚಿ ಊದತೊಡಗಿದರು. ಅಕ್ಕ ಮೈಕು ಹಿಡಿದು, ಯಾರಾದರೂ ಹೂಂ ಅಂದಾರೆಂದು ಒಂದೊಂದು ಸಾಲನ್ನೇ ನೋಡುತ್ತ ನಿಂತಿದ್ದಳು.