ನಂಬರು ಬಿದ್ದ ಗಿಡಗಳು

ಗಿಡಗಳಿಗೆ ನಂಬರು ಬರೆದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರೋ ಬಂದು ‘ಅಕ್ಕೋರ, ಇದು ನಿಮ್ಮ ಅಕ್ಷರ ಅಲ್ಲೇನ್ರಿ’ ಎಂದು ಕೇಳುವುದು ಬೇಡ. ವರ್ಷಾನುಗಟ್ಟಲೆ ಕನ್ನಡ ಶಾಲೆಯ ಬೋರ್ಡಿನ ಮೇಲೆ ಬರೆದ ಕೈ ಇದು. ಅಕ್ಷರ ಮುತ್ತಿನಂಗ ಅದ ಎಂದು ಎಲ್ಲರೂ ಹೊಗಳುತ್ತಿದ್ದರು. ಆ ಹೊಗಳಿಕೆಗಿಷ್ಟು ಬೆಂಕಿ ಹಾಕ.

ನಮ್ಮ ಮನೆ ರಂಗಂಪೇಟೆಯ ಕಡೇ ಓಣಿಯಲ್ಲಿದೆ. ಓಣಿ ಮುಗಿದಲ್ಲಿಂದ ಬಂಡೆಗಲ್ಲು, ಬಂಡೆಗಳ ನಡುವೆ ಕುರುಚಲು ಗಿಡ, ಅಲ್ಲಲ್ಲಿ ದೊಡ್ಡ ಬೇವು. ಎಲ್ಲ ಸೇರಿ ನಾಲ್ಕೈದು ಎಕರೆ ಇದ್ದೀತು. ಊರು ಬೆಳೆದು ಮೂರು ಕಡೆಯಿಂದ ಮನೆಗಳು ಬಂದು ಮುತ್ತಿದ್ದರೂ ನಾವು ಅದನ್ನು ಅಡವಿ ಎಂದೇ ಕರೆಯುತ್ತಿದ್ದೆವು. ಹೊಸದಾಗಿ ಮನೆ ಕಟ್ಟಿಕೊಂಡು ಬಂದವರು ಮಾತ್ರ ‘ಬರೇ ಕಂಟಿ’ ಎನ್ನುತ್ತಿದ್ದರು. ಮುಳ್ಳಿನ ಗಿಡಕ್ಕೆ ಕಂಟಿ ಎನ್ನುವುದೇನೋ ಸರಿ. ಆದರೆ ಅವರು ಹಾಗೆನ್ನುವಾಗ ಮೂಗು ಮುರಿಯುತ್ತಿದ್ದರು, ನನಗೆ ಮೈಯೆಲ್ಲ ಉರಿಯುತ್ತಿತ್ತು.

ಬರೇ ಕಂಟಿಯಂತೆ! ಅಲ್ಲಿ ಕವಳಿ ಹಣ್ಣಿತ್ತು, ಬಾರಿ ಹಣ್ಣಿತ್ತು. ಬಾಣಂತಿಯ ಸ್ನಾನದ ನೀರಿಗೆ ಹಾಕುವ ಲಕ್ಕಿ ಸೊಪ್ಪಿತ್ತು, ನಮ್ಮ ಬಾಯಲ್ಲಿ ಲಕ್ಕಿ ತಪ್ಪಲು. ಬೆಳಗಿನ ಹೊತ್ತು ಗೌಜಲಕ್ಕಿಗಳು ಕೂಗುತ್ತಿದ್ದವು, ಮುಂಗುಲಿ ಬಂಡೆಯಿಂದ ಬಂಡೆಗೆ ಓಡುತ್ತಿತ್ತು. ಒಂದು ದೊಡ್ಡ ಬಂಡೆಯ ಮೇಲೆ ಒರಳಿನಂಥ ಕುಳಿ ಇತ್ತು. ನಮ್ಮ ಅತ್ತೆ, ಅವರ ಅತ್ತೆ, ಅದಕ್ಕೂ ಹಿಂದಿನ ಹೆಂಗಸರು ಔಷಧದ ತಪ್ಪಲನ್ನು ಅಲ್ಲೇ ಅರೆದು ಅರೆದು ಆ ಕುಳಿ ನುಣ್ಣಗಾಗಿತ್ತು. ನಾನು ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ ನನ್ನನ್ನು ಒಂದೊಂದೇ ಗಿಡದ ಮುಂದೆ ನಿಲ್ಲಿಸಿ ಹೆಸರು ಕೇಳುತ್ತಿದ್ದರು. ತಪ್ಪಿದರೆ ತಲೆಗೆ ಮೊಟಕುತ್ತಿದ್ದರು. ‘ಸಾಲಿ ಕಲತಾಳಂತ, ಗಿಡದ ಹೆಸರು ಗೊತ್ತಿಲ್ಲ’ ಎಂದು ನಗುತ್ತಿದ್ದರು.

ಅಡವಿಯ ನಟ್ಟನಡುವೆ ಒಂದು ಹಳೆಯ ಬನ್ನಿಗಿಡ. ದಸರೆಗೆ ಓಣಿಯವರೆಲ್ಲ ಅಲ್ಲಿಂದಲೇ ಬನ್ನಿ ತರುತ್ತಿದ್ದೆವು. ಆ ಸಂಜೆ ಒಬ್ಬರಿಗೊಬ್ಬರು ಬನ್ನಿ ಎಲೆ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎನ್ನುವುದು ನಮ್ಮ ಪದ್ಧತಿ. ಕೊಟ್ಟವರಿಗೆ ತಿರುಗಿ ಕೊಡಲೇಬೇಕು. ವರ್ಷವಿಡೀ ಮಾತು ಬಿಟ್ಟವರು ಬಂದರೂ ಅಂದು ಬಾಗಿಲು ಹಾಕುವಂತಿಲ್ಲ.

ಎದುರುಮನೆಯವಳು ನನಗಿಂತ ಹತ್ತು ವರ್ಷ ಚಿಕ್ಕವಳು. ನಾನು ಅವಳನ್ನು ತಂಗಿ ಎನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಒಡಹುಟ್ಟಿದವರು ಕೂಡ ಅಷ್ಟು ಹೊಂದಿಕೊಂಡಿರುವುದಿಲ್ಲ. ದಿನಾ ಬೆಳಿಗ್ಗೆ ಇಬ್ಬರೂ ಅಡವಿಗೆ ಒಂದು ಸುತ್ತು ಹೋಗಿಬರುತ್ತಿದ್ದೆವು. ಅತ್ತೆ ನನಗೆ ಕಲಿಸಿದ ಹೆಸರುಗಳನ್ನು ನಾನು ಅವಳಿಗೆ ಕಲಿಸಿದೆ. ಅವಳ ಎರಡೂ ಬಾಣಂತನಕ್ಕೆ ಲಕ್ಕಿ ತಪ್ಪಲು ಕೊಯ್ದು ತಂದು, ನೀರು ಕಾಸಿ, ಎರೆದವಳು ನಾನು.

ಆ ಜಾಗ ಕಾಗದದಲ್ಲಿ ನಮ್ಮ ಓಣಿಯ ಕಮಿಟಿಯ ಹೆಸರಿನಲ್ಲಿತ್ತು. ಅಲ್ಲಿಯವರೆಗೆ ಕಮಿಟಿಗೆ ಗಂಡಸರೇ ಹಿರಿಯರು. ಅಡವಿಯನ್ನು ಸವರಿ ಏನಾದರೂ ಕಟ್ಟಬೇಕೆಂಬ ಮಾತು ಅವರಲ್ಲಿ ಆಗಾಗ ಏಳುತ್ತಿತ್ತು. ನಮ್ಮವಳೇ ಒಬ್ಬಳು ಅಲ್ಲಿದ್ದರೆ ಅಡವಿ ಉಳಿದೀತು ಎಂದುಕೊಂಡು, ಮನೆ ಮನೆ ಅಡ್ಡಾಡಿ, ಎದುರುಮನೆಯವಳನ್ನು ಕಮಿಟಿಗೆ ಹಿರಿಯಳನ್ನಾಗಿ ಮಾಡಿಸಿದೆ. ಅಂದು ಅವಳು ನನ್ನ ಕಾಲು ಮುಟ್ಟಿದಳು. ‘ಅಕ್ಕಾ, ನಾ ಇರೋತನಕ ಒಂದು ಟೊಂಗಿ ಕಡಿಯಾಕ ಬಿಡಂಗಿಲ್ಲ’ ಎಂದಳು. ನನ್ನ ಕಣ್ಣಲ್ಲಿ ನೀರು ಬಂತು. ಹುಚ್ಚಿ ನಾನು.

ನಂಬರಿನ ವಿಚಾರ ಹೊಳೆದದ್ದು ಬಸ್ಸಿನಲ್ಲಿ. ಶಹಾಪುರದ ಶಾಲೆಗೆ ಹೋಗಿಬರುವಾಗ ರಸ್ತೆಬದಿಯ ಬೇವಿನ ಮರಗಳಿಗೆ ಬಣ್ಣ ಬಳಿದು ನಂಬರು ಬರೆದಿರುವುದನ್ನು ನೋಡುತ್ತಿದ್ದೆ. ನಂಬರು ಬಿದ್ದ ಗಿಡ ಅಂದರೆ ಲೆಕ್ಕಕ್ಕೆ ಸಿಕ್ಕ ಗಿಡ, ಅದನ್ನು ಮುಟ್ಟಲು ಜನ ಹೆದರುತ್ತಾರೆ ಎನ್ನುವುದು ನಮ್ಮ ಕಡೆಯ ನಂಬಿಕೆ. ಅಡವಿಯ ಗಿಡಗಳಿಗೂ ನಂಬರು ಹಾಕಿದರೆ ಹೇಗೆ? ತಂಗಿಗೆ ಹೇಳಿದೆ. ‘ಭಾಳ ಚಲೋ ವಿಚಾರ ಅಕ್ಕಾ. ನಂಬರ್ ಹಾಕು, ಯಾವ ಗಿಡ, ಎಷ್ಟು ದಪ್ಪ, ಎಲ್ಲಾ ಒಂದು ನೋಟ್‌ಬುಕ್‌ನ್ಯಾಗ ಬರಿ. ನಾ ಫಾರೆಸ್ಟ್ ಆಫೀಸಿಗೆ ಕೊಟ್ಟು, ಇದು ಹಳೇ ಅಡವಿ, ಉಳಿಸ್ರಿ ಅಂತ ಅರ್ಜಿ ಹಾಕ್ತೀನಿ’ ಎಂದಳು.

ಆ ಚಳಿಗಾಲದ ಭಾನುವಾರಗಳೆಲ್ಲ ಅದರಲ್ಲೇ ಕಳೆದವು. ಬಿಳಿ ಬಣ್ಣದ ಡಬ್ಬಿ, ಒಂದು ಕುಂಚ, ಹೊಲಿಗೆಯ ಟೇಪು. ಬನ್ನಿಗೆ ಒಂದನೇ ನಂಬರು ಕೊಟ್ಟೆ. ಕನ್ನಡ ಅಂಕಿಗಳಲ್ಲೇ ಬರೆದೆ. ಕನ್ನಡ ಅಕ್ಕೋರೇ ಬರೆಯದಿದ್ದರೆ ಇನ್ಯಾರು ಬರೆಯಬೇಕು? ಮುಳ್ಳು ತಾಗಿ ಸೀರೆ ಹರಿಯಿತು, ಕೈ ಗೀರಿತು. ತಂಗಿ ಟೇಪು ಹಿಡಿದು ಸುತ್ತಳತೆ ಕೂಗುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ಯಾವ ಗಿಡ ಯಾವ ರೋಗಕ್ಕೆ, ಅತ್ತೆ ಅದನ್ನು ಏನೆಂದು ಕರೆಯುತ್ತಿದ್ದರು, ಅದನ್ನೂ ಸೇರಿಸಿದೆ. ಬಂಡೆಯ ಮೇಲಿನ ಕುಳಿಯ ಚಿತ್ರ ಬಿಡಿಸಿದೆ. ಕೊನೆಗೆ ನೋಟ್‌ಬುಕ್‌ಗೆ ಅರಿಶಿನ ಕುಂಕುಮ ಹಚ್ಚಿ ಅವಳ ಕೈಗಿಟ್ಟೆ.

ಮಳೆಗಾಲದಲ್ಲಿ ಮಗಳ ಬಾಣಂತನಕ್ಕೆಂದು ಹುಣಸಗಿಗೆ ಹೋದೆ. ಚೀಲದ ತುಂಬ ಲಕ್ಕಿ ತಪ್ಪಲು ಒಯ್ದಿದ್ದೆ. ಅಲ್ಲಿದ್ದಷ್ಟು ದಿನವೂ ತಂಗಿ ಫೋನು ಮಾಡುತ್ತಿದ್ದಳು. ‘ಕೂಸು ಹೆಂಗದ? ಬಾಣಂತಿ ಊಟ ಮಾಡಾಕತ್ಯಾಳೇನು?’ ನಾನು ಅಡವಿಯ ಬಗ್ಗೆ ಕೇಳುತ್ತಿದ್ದೆ. ‘ಎಲ್ಲಾ ಆರಾಮ ಅದ ಅಕ್ಕಾ, ಮಳಿಗೆ ಹಸಿರು ಒಡದು ಕಣ್ಣು ಕೋರೈಸಾಕತ್ತದ’ ಎಂದು ಒಂದು ದಿನ ಹೇಳಿದಳು. ಆ ಮಾತನ್ನು ನಾನು ಮಗಳಿಗೂ ಹೇಳಿ ಖುಷಿಪಟ್ಟೆ.

ತಿರುಗಿ ಬಂದ ದಿನ ಬಸ್ಸಿಳಿದು ಓಣಿಗೆ ತಿರುಗಿದೆ. ಓಣಿಯ ತುದಿಯಲ್ಲಿ ಆಕಾಶ ಬಹಳ ಕಾಣುತ್ತಿತ್ತು. ಮೊದಲು ನನಗೆ ಏನೆಂದೇ ತಿಳಿಯಲಿಲ್ಲ. ಚೀಲ ಹಿಡಿದುಕೊಂಡೇ ನಡೆದು ಹೋದೆ. ಅಡವಿ ಇರಲಿಲ್ಲ. ಕೆಂಪು ಮಣ್ಣಿನಲ್ಲಿ ಜೆಸಿಬಿಯ ಗಾಲಿಯ ಗುರುತು, ಸುಣ್ಣದ ಪುಡಿಯಿಂದ ಎಳೆದ ಗೆರೆ. ಒರಳಿನ ಕುಳಿಯಿದ್ದ ಬಂಡೆಯನ್ನು ಒಡೆದು ಪಾಯದ ಕಲ್ಲು ಮಾಡಿ ಒಟ್ಟಿದ್ದರು. ನಡುವೆ ಬನ್ನಿಗಿಡವೊಂದೇ ನಿಂತಿತ್ತು, ಅದರ ಸುತ್ತ ಹೊಸ ಸಿಮೆಂಟಿನ ಕಟ್ಟೆ.

ಅವಳ ಮನೆಗೇ ನುಗ್ಗಿದೆ. ಅಕ್ಕಿ ಆರಿಸುತ್ತ ಕೂತಿದ್ದಳು. ನನ್ನ ಬಾಯಿ ಜೋರು ಎಂದು ಊರಿಗೇ ಗೊತ್ತು. ಅಂದು ಮಾತ್ರ ‘ಯಾಕ?’ ಎಂದಷ್ಟೇ ಕೇಳಿದೆ.

‘ಸಮುದಾಯ ಭವನ ಅಕ್ಕಾ,’ ಎಂದಳು. ‘ನಮ್ಮ ಓಣಿ ಹೆಣ್ಮಕ್ಕಳ ಮದುವಿ ಮಾಡಾಕ ಒಂದು ಜಾಗ ಬ್ಯಾಡೇನು? ಎಲ್ಲಾರೂ ಒಪ್ಯಾರ.’

‘ಫೋನ್‌ನ್ಯಾಗ ಹಸಿರು ಒಡದದ ಅಂದಿ.’

‘ನೀ ಬಾಣಂತನದಾಗಿದ್ದಿ. ಸುಮ್ನ ಯಾಕ ಸಂಕಟ ಮಾಡೋದು ಅಂತ.’ ಮೊರದಿಂದ ಒಂದು ಕಲ್ಲು ಆರಿಸಿ ಬಿಸಾಡಿದಳು. ಆಮೇಲೆ ನನ್ನನ್ನು ಸಮಾಧಾನ ಮಾಡಲೆಂದೋ ಏನೋ, ನಿಜ ಹೇಳಿಬಿಟ್ಟಳು. ‘ಗಿಡ ಕಡಿಯಾಕ ಪರವಾನಗಿ ಬೇಕಂದ್ರ ಒಂದೊಂದು ಗಿಡದ ಪಟ್ಟಿ ಕೇಳ್ತಾರ ಅಕ್ಕಾ. ನಂಬರು, ಹೆಸರು, ದಪ್ಪ ಎಲ್ಲಾ. ನೀ ಬರದದ್ದು ಇತ್ತಲ್ಲ, ಅದಕ್ಕ ಕೆಲಸ ಹಗುರಾತು.’

ಅಂದರೆ ಅರ್ಜಿ ಹೋಗಿತ್ತು. ನನ್ನ ನೋಟ್‌ಬುಕ್ಕೂ ಹೋಗಿತ್ತು. ಉಳಿಸಲಿಕ್ಕಲ್ಲ. ಟೇಪು ಹಿಡಿದು ಸುತ್ತಳತೆ ಕೂಗುತ್ತಿದ್ದಾಗಲೇ ಅವಳ ಮನಸ್ಸಿನಲ್ಲಿ ಇದಿತ್ತೇ ಎಂದು ಕೇಳಿದೆ. ಅವಳು ಮೊರ ಎತ್ತಿಕೊಂಡು ಅಡುಗೆಮನೆಗೆ ನಡೆದಳು. ನನಗೆ ಉತ್ತರ ಸಿಕ್ಕಿತು.

ಎರಡು ದಿನದ ಮೇಲೆ ಸಂತೆಗೆ ಹೋಗುವಾಗ ಕಟ್ಟಿಗೆ ಅಡ್ಡೆಯ ಮುಂದೆ ಕಾಲು ತಾನಾಗಿ ನಿಂತಿತು. ಬೇವಿನ ದಿಮ್ಮಿಗಳನ್ನು ಒಟ್ಟಿದ್ದರು. ತೊಗಟೆಯ ಮೇಲೆ ಬಿಳಿ ಬಣ್ಣದಲ್ಲಿ ೩೭, ೪೧, ೪೨. ದುಂಡಗೆ, ಒಂದೂ ಮಾಸಿರಲಿಲ್ಲ. ಕೊಡಲಿ ಹಿಡಿದ ಆಳು ನಾನು ನೋಡುತ್ತಿರುವುದನ್ನು ಕಂಡು, ‘ಯಾರೋ ಏನು ಚಂದ ಬರದಾರ್ರಿ, ಕಡಿಯಾಕ ಮನಸ್ಸಾಗವಲ್ದು’ ಎಂದ. ನಾನು ಅಲ್ಲಿಂದಲೇ ಮನೆಗೆ ತಿರುಗಿದೆ. ಅಂದು ಸಂತೆ ಆಗಲಿಲ್ಲ, ಒಲೆಯೂ ಹೊತ್ತಲಿಲ್ಲ. ಅತ್ತೆ ಬದುಕಿದ್ದರೆ ತಲೆಗೆ ಮೊಟಕುತ್ತಿದ್ದರು. ಮೊಟಕಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ದಸರೆ ಬಂತು. ಪ್ರತಿ ವರ್ಷ ಬೆಳಿಗ್ಗೆಯೇ ಹೋಗಿ ಬುಟ್ಟಿ ತುಂಬ ಬನ್ನಿ ತಂದು ಬಾಗಿಲ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ಈ ಸಲ ಆ ಕಡೆ ಕಾಲಿಡಲಿಲ್ಲ. ಸಂಜೆ ಬಂದ ಮಕ್ಕಳಿಗೆ ಪೇಢೆ ಕೊಟ್ಟು ಕಳಿಸಿದೆ. ಕತ್ತಲಾಗುವ ಮೊದಲು ಅವಳು ಬಂದಳು. ಹೊಸ ಇಳಕಲ್ ಸೀರೆ ಉಟ್ಟಿದ್ದಳು, ಕೈಯಲ್ಲಿ ಒಂದು ಹಸಿ ಟೊಂಗೆ. ಓಣಿಯವರು ತಮ್ಮ ತಮ್ಮ ಕಟ್ಟೆಗಳ ಮೇಲಿಂದ ನೋಡುತ್ತಿದ್ದರು. ನಾವಿಬ್ಬರು ಮಾತು ಬಿಟ್ಟದ್ದು ಎಲ್ಲರಿಗೂ ಗೊತ್ತಿತ್ತು.

‘ಅಕ್ಕಾ, ಬನ್ನಿ ತಗೋ. ಬಂಗಾರದಂಗ ಇರೋಣ,’ ಎಂದಳು. ಬಗ್ಗಿ ಕಾಲು ಮುಟ್ಟಿದಳು. ‘ಒಂದನೇ ನಂಬರಿಂದು. ಅದನ್ನ ನಿನ್ನ ಸಲುವಾಗೇ ಉಳಿಸೇನಿ.’

ಬಾಗಿಲು ಹಾಕುವಂತಿಲ್ಲ. ಕೈ ಚಾಚಿ ತೆಗೆದುಕೊಂಡೆ. ಎಲೆ ಎಳೆಯದಿತ್ತು, ಗಿಡ ಇನ್ನೂ ಚಿಗುರುತ್ತಿತ್ತು. ಅವಳು ಎದ್ದು ನಿಂತು ಅಂಗೈ ಒಡ್ಡಿದಳು. ಅವಳು ಕೊಟ್ಟ ಟೊಂಗೆಯಿಂದಲೇ ನಾಲ್ಕು ಎಲೆ ಮುರಿದು ಇಟ್ಟಿದ್ದರೂ ಶಾಸ್ತ್ರ ಮುಗಿಯುತ್ತಿತ್ತು. ಮುರಿಯಲು ನನ್ನ ಬೆರಳು ಏಳಲಿಲ್ಲ.

‘ಕೊಡಾಕ ನನ್ನ ಕಡೆ ಏನೂ ಇಲ್ಲ ತಂಗಿ,’ ಎಂದೆ. ‘ಇದ್ದದ್ದೆಲ್ಲಾ ನಿನಗ ಮೊದಲೇ ಕೊಟ್ಟೀನಿ. ನೋಟ್‌ಬುಕ್‌ನ್ಯಾಗ ಅದ, ನೋಡ್ಕೋ.’

ಅವಳು ಒಡ್ಡಿದ ಬರಿಗೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಎಲ್ಲರೂ ನೋಡುತ್ತಿರುವಂತೆ ಎದುರಿನ ತನ್ನ ಮನೆಗೆ ನಡೆದು ಹೋದಳು.