ಕ್ಷೌರದಂಗಡಿಯವನು ಕೊಡದ ಹನಿ ರಕ್ತ

ಆ ಓಣಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಹರಟೆಮಾಮ ಎಂದು. ಗಡ್ಡ ಬೆಳೆಯದಿದ್ದರೂ ಅವನ ಮಾತು ಕೇಳಲೆಂದೇ ಜನ ಅವನ ಕ್ಷೌರದಂಗಡಿಯ ಬೆಂಚಿನ ಮೇಲೆ ಬಂದು ಕೂರುತ್ತಿದ್ದರು. ಅವನ ಅಣ್ಣ ಹೊಟ್ಟೆ ಊದಿ ಸತ್ತಾಗ ಊರು ‘ಕುಡಿದು ಸತ್ತ’ ಎಂದು ಷರಾ ಬರೆದುಬಿಟ್ಟಿತ್ತು. ಅಣ್ಣ ಹೆಂಡವನ್ನು ಮೂಸಿಯೂ ನೋಡಿದವನಲ್ಲ.

ಒಮ್ಮೆ ಆರೋಗ್ಯ ಕೇಂದ್ರದ ನರ್ಸಮ್ಮ ಓಣಿಗೆ ಬಂದಳು. ಹೆಪಟೈಟಿಸ್ ಬಿ ಸೋಂಕು ಲಿವರಿನಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಕೂತು ಕೊನೆಗೆ ಕ್ಯಾನ್ಸರ್ ಆಗಬಹುದು, ಬೆರಳಿನಿಂದ ಒಂದು ಹನಿ ರಕ್ತ ಕೊಟ್ಟರೆ ತಿಳಿಯುತ್ತದೆ ಎಂದಳು. ಹೊಟ್ಟೆ ಊದಿ ಸತ್ತವರ ಮನೆಯವರು ಮೊದಲು ಬರಲಿ ಎಂದೂ ಸೇರಿಸಿದಳು. ಹರಟೆಮಾಮನಿಗೆ ಅಣ್ಣ ನೆನಪಾದ. ಆದರೆ ಬೆಂಚಿನ ತುಂಬ ಗಿರಾಕಿಗಳು. ರಕ್ತ ಕೆಟ್ಟವನ ಕತ್ತಿಗೆ ಯಾರು ಕೆನ್ನೆ ಒಡ್ಡುತ್ತಾರೆ?

“ದಿನಾ ಊರವರ ಕುತ್ತಿಗೆಗೆ ಕತ್ತಿ ಹಿಡಿಯೋನು ನಾನು. ನಂಗೇ ಸೂಜಿ ಚುಚ್ತೀರಾ ಸಿಸ್ಟರ್?”

ಬೆಂಚು ಬಿದ್ದು ಬಿದ್ದು ನಕ್ಕಿತು. ಅಲ್ಲಿಂದ ಒಬ್ಬನೂ ಎದ್ದು ಬೆರಳು ಕೊಡಲಿಲ್ಲ.

ಕೆಲವು ವರ್ಷಗಳ ಮೇಲೆ ಅವನ ಬಲಪಕ್ಕೆ ನೋಯತೊಡಗಿತು. ಊಟ ಸೇರದಾಯಿತು. ಹೆಂಡತಿ ಹಟ ಹಿಡಿದು ದೊಡ್ಡಾಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಗೆಡ್ಡೆ ಲಿವರನ್ನೆಲ್ಲ ಆವರಿಸಿತ್ತು. ಹೆತ್ತ ತಾಯಿಯಿಂದಲೇ ಅಣ್ಣತಮ್ಮಂದಿರಿಗೆ ಸೋಂಕು ಬಂದಿರಬಹುದೆಂದರು ಡಾಕ್ಟರು. ಮೊದಲೇ ಗೊತ್ತಾಗಿದ್ದರೆ ದಿನಕ್ಕೊಂದು ಮಾತ್ರೆ ನುಂಗಿ, ಆಗಾಗ ಸ್ಕ್ಯಾನ್ ಮಾಡಿಸಿಕೊಂಡು ಇರಬಹುದಿತ್ತಂತೆ.

“ನನ್ನ ಕತ್ತಿಯಿಂದ ಯಾರಿಗಾದ್ರೂ ಹೋಗಿರಬಹುದಾ ಸಾರ್?”

ಪ್ರತಿಯೊಬ್ಬರಿಗೂ ಹೊಸ ಬ್ಲೇಡು ಹಾಕಿದ್ದರೆ ಭಯವಿಲ್ಲ ಎಂದರು. ಹೊಸ ಬ್ಲೇಡಿನ ರೂಢಿ ಬಂದದ್ದು ಈಚೆಗೆ. ಅದಕ್ಕೂ ಮೊದಲು ಒಂದೇ ಕತ್ತಿಯನ್ನು ಮಸೆದು ಮಸೆದು ಇಡೀ ಓಣಿಗೆ ಕ್ಷೌರ ಮಾಡಿದವನು, ತನ್ನ ಕೈಯನ್ನೇ ನೋಡುತ್ತ ಕೂತ.

ಊರಿಗೆ ಬಂದವನು ಮುಚ್ಚಿಡಲಿಲ್ಲ. ಬೆಂಚಿನವರಿಗೆ ಇದ್ದದ್ದು ಇದ್ದಹಾಗೆ ಹೇಳಿ, ಪರೀಕ್ಷೆ ಮಾಡಿಸಿಕೊಳ್ಳಿರೆಂದು ಕೈಮುಗಿದ. ಅವರು ಒಬ್ಬೊಬ್ಬರಾಗಿ ಎದ್ದು ಎದುರು ಓಣಿಯ ಕ್ಷೌರದಂಗಡಿಗೆ ಹೋದರು. ಮದುವೆಯಾಗಿದ್ದ ಮಗಳು ನೋಡಲು ಬಂದಾಗ ಅವಳಿಗೂ ಅದನ್ನೇ ಹೇಳಿದ.

“ಇದೆ ಅಂತ ಗೊತ್ತಾದ್ರೆ ಅವರ ಮನೇಲಿ ನನ್ನ ಇಟ್ಕೋತಾರಾ ಅಪ್ಪ?”

“ನಾನೂ ಹೀಗೇ ಲೆಕ್ಕ ಹಾಕಿದ್ದೆ ಕಣಮ್ಮ.”

ಅವನು ಸತ್ತ ಮೇಲೆ ಹೆಂಡತಿ ಮಗಳನ್ನು ನರ್ಸಮ್ಮನ ಹತ್ತಿರ ಎಳೆದುಕೊಂಡೇ ಹೋದಳು. ತಾಯಿಗೆ ಸೋಂಕಿರಲಿಲ್ಲ, ಮಗಳಿಗಿತ್ತು; ಚಿಕ್ಕಂದಿನಲ್ಲಿ ಅಪ್ಪನ ಗಾಯದ ರಕ್ತ ತಾಗಿ ಬಂದಿರಬಹುದೆಂದಳು ನರ್ಸಮ್ಮ. ದೊಡ್ಡಾಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ ಡಾಕ್ಟರು, ಗೆಡ್ಡೆಯೇನೂ ಬೆಳೆದಿಲ್ಲ, ಆದರೆ ಮಾತ್ರೆ ಒಂದು ದಿನವೂ ತಪ್ಪಬಾರದು ಎಂದರು. ಅವಳು ಗಂಡನ ಮನೆಯವರ ಕಣ್ಣು ತಪ್ಪಿಸಿ ನುಂಗುತ್ತಾಳೆ. ಕೇಂದ್ರದಲ್ಲಿ ಮಾತ್ರೆ ಮುಗಿದಿದ್ದರೆ ಮುಂದಿನ ವಾರ ಬಾ ಎನ್ನುತ್ತಾರೆ. ಮುಂದಿನ ವಾರ ಮನೆಯಿಂದ ಹೊರಡಲು ಅವಳಿಗೆ ಇನ್ನೊಂದು ಸುಳ್ಳು ಹೊಳೆಯಬೇಕು.