ಕೋವಿಯ ಗಾಜಿಗೆ ಕಾಕ ಹಾಕಿಕೊಟ್ಟ ನೆರಳು

ಕಾಕನ ಕನ್ನಡಕದ ಮೇಲಂಚಿಗೆ ಸೈಕಲ್ ಟ್ಯೂಬಿನ ಒಂದು ಪಟ್ಟಿ ಅಂಟಿಕೊಂಡಿರುತ್ತಿತ್ತು. ಎರಡು ಬೆರಳಗಲ, ಸೂರಿನ ಹಾಗೆ ಮುಂದಕ್ಕೆ ಚಾಚಿದ್ದು. ಕಣ್ಣಿನ ಪೊರೆ ತೆಗೆಸಿದ ಮೇಲೆ ಬಿಸಿಲು ಎದುರಾದರೆ ಎಲ್ಲವೂ ಹಾಲು ಚೆಲ್ಲಿದಂತೆ ಬೆಳ್ಳಗಾಗುತ್ತದೆ ಎಂದು ಅವರೇ ಕತ್ತರಿಸಿ ಅಂಟಿಸಿಕೊಂಡದ್ದು.

ಆ ಗುರುವಾರ ಬೆಳಿಗ್ಗೆಯೂ ಆ ಪಟ್ಟಿಯ ಕೆಳಗಿನಿಂದಲೇ ನನ್ನನ್ನು ನೋಡಿದರು. ಊರಿಗೆಲ್ಲ ಕಾಕನೇ ಆಗಿದ್ದ ಅವರು, ಕೊಟ್ಟಿಗೆಹಾರದ ತಮ್ಮ ಜೀಪು ರಿಪೇರಿ ಅಂಗಡಿಯ ಮುಂದೆ, ಜೀಪಿನ ರೇಡಿಯೇಟರ್ ಒಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ಗುಳ್ಳೆ ಎಲ್ಲಿಂದ ಏಳುತ್ತದೆ ಎಂದು ಕಾಯುತ್ತ ಕುಳಿತಿದ್ದರು. ಬಿಸಿಲು ಯಾವ ಕಡೆ ಇತ್ತು ಎಂದು ಕೇಳಿದರು. ಅದು ಅವರ ಎಂದಿನ ಪ್ರಶ್ನೆ. ಇವತ್ತು ಆನೆಯ ಹಿಂದೆ ತೋಟಕ್ಕೆ ಹೋಗಿಲ್ಲ ಕಾಕ, ಚಿಕ್ಕಮಗಳೂರಿನ ಆಫೀಸಿಗೆ ಹೊರಟಿದ್ದೇನೆ ಎಂದೆ.

“ಹಾಗಾದ್ರೆ ಬಸ್ಸಲ್ಲಿ ಎಡಗಡೆ ಕೂತ್ಕೊ ಮಾರಾಯ. ಬಲಗಡೆ ಬಿಸಿಲು ಹೊಡೀತದೆ.”

ಎಡಗಡೆಯೇ ಕುಳಿತೆ. ಅವರು ನನಗೆ ಹೇಳಿದ ಕೊನೆಯ ಮಾತು ಅದು.

ನಾನು ಅರಣ್ಯ ಇಲಾಖೆಯ ಆನೆ ತಂಡದಲ್ಲಿ ವಾಚರ್. ಗಾಯಗೊಂಡ ಆನೆಗೆ ಡಾಕ್ಟರು ಕೋವಿಯಿಂದ ಮಂಪರು ಮದ್ದು ಹೊಡೆಯುವಾಗ ಜೊತೆಗಿರುವುದು ನನ್ನ ಕೆಲಸ. ಬಿಸಿಲೇರಿದ ಮೇಲೆ ಮದ್ದು ಕೊಟ್ಟರೆ ಆನೆಯ ಮೈ ಕಾದು ತೊಂದರೆಯಾಗುತ್ತದೆ. ಹಾಗಾಗಿ ಹೊಡೆಯುವುದು ಬೆಳಿಗ್ಗೆಯೇ. ಆಗ ಸೂರ್ಯ ಕಾಫಿ ತೋಟದ ಸಿಲ್ವರ್ ಮರಗಳ ನಡುವಿನಿಂದ ನೇರ ಕೋವಿಯ ದುರ್ಬೀನಿಗೇ ಬೀಳುತ್ತಾನೆ. ಒಳಗೆ ನೋಡಿದರೆ ಬರೀ ಬಿಳಿ. ಅದಕ್ಕೆ ನಾವು ಕಂಡುಕೊಂಡ ಉಪಾಯ ಏನೆಂದರೆ, ನಾನು ಡಾಕ್ಟರ ಪಕ್ಕದಲ್ಲಿ ಅರ್ಧ ಹೆಜ್ಜೆ ಮುಂದೆ ನಿಂತು, ನನ್ನ ಟೋಪಿಯನ್ನು ದುರ್ಬೀನಿನ ಗಾಜಿಗೆ ಮರೆಯಾಗಿ ಹಿಡಿಯುವುದು. ಮೂರು ವರ್ಷ ಹಾಗೇ ಹಿಡಿದೆ. ಅದು ತಪ್ಪೆಂದು ಯಾರಿಗೂ ಅನ್ನಿಸಲಿಲ್ಲ, ನನಗೂ ಕೂಡ.

ಒಮ್ಮೆ ಮಲ್ಲಂದೂರಿನ ಕಡೆಯ ತೋಟವೊಂದಕ್ಕೆ ಕಾಲಿಗೆ ಉರುಳಿನ ತಂತಿ ಸಿಕ್ಕಿಕೊಂಡ ಗಂಡಾನೆ ಬಂದಿತ್ತು. ತಂತಿ ಮಾಂಸದೊಳಗೆ ಇಳಿದಿತ್ತು. ನಾನು ಟೋಪಿ ಹಿಡಿದಿದ್ದೆ, ಅದು ಒಂದಿಷ್ಟು ಸರಿಯಿತು, ಬಿಸಿಲು ಗಾಜಿಗೆ ಬಿತ್ತು, ಮದ್ದು ಮರಕ್ಕೆ ಹೋಯಿತು. ಆನೆ ತಿರುಗಿತು. ಡಾಕ್ಟರು ಮರದ ಹಿಂದೆ ಸರಿದರು. ಮುಂದೆ ನಿಂತಿದ್ದ ನನಗೆ ಮರ ಸಿಗಲಿಲ್ಲ. ಓಡಿ ಕಾಫಿ ಸಾಲಿನ ಚರಂಡಿಗೆ ಬಿದ್ದೆ. ಆನೆ ನನ್ನ ಪಕ್ಕದಲ್ಲೇ ದಾಟಿಕೊಂಡು ಹೋಯಿತು. ಹೆಗಲ ಮೂಳೆ ಮುರಿದಿತ್ತು.

ಹೆಂಡತಿ ಈ ಕೆಲಸ ಬಿಡಿ ಎಂದು ಹಟ ಹಿಡಿದಳು. ನನಗೂ ಒಳಗೊಳಗೆ ಹೆದರಿಕೆ ಹೊಕ್ಕಿತ್ತು. ನೋಡಲು ಬಂದವರೆಲ್ಲ ಆನೆ ಎಷ್ಟು ದೊಡ್ಡದಿತ್ತು ಎಂದು ಕೇಳಿದರು. ಕಾಕ ಒಂದು ಕಟ್ಟು ರಸ್ಕ್ ಹಿಡಿದುಕೊಂಡು ಬಂದು, ಬೆಂಚಿನ ಮೇಲೆ ಕುಳಿತು, ಬಿಸಿಲು ಯಾವ ಕಡೆ ಇತ್ತು ಎಂದು ಕೇಳಿದರು. ಹೆಂಡತಿಗೆ ಸಿಟ್ಟು ಬಂತು.

“ಮೂಳೆ ಮುರ್ಕೊಂಡು ಬಿದ್ದವ್ರ ಹತ್ರ ಬಿಸಿಲಿನ ಸುದ್ದಿ ಕೇಳ್ತೀರಲ್ಲ ಕಾಕ.”

ಅವರು ನಕ್ಕರು. ಆಮೇಲೆ ಪ್ರತಿಯೊಂದನ್ನೂ ಬಿಡಿಸಿ ಕೇಳಿದರು. ಟೋಪಿ ಎಲ್ಲಿ ಹಿಡಿಯುತ್ತಿದ್ದೆ, ಎಷ್ಟು ಮುಂದೆ, ಒಳಗೆ ನೋಡಿದಾಗ ಡಾಕ್ಟರಿಗೆ ಏನು ಕಾಣುತ್ತದೆ. ಬಿಳಿ ಎಂದೆ. “ನಂಗೆ ಗೊತ್ತಿರೋ ಬಿಳಿಯೇ ಅದು” ಎಂದು ಎದ್ದು ಹೋದರು.

ಮರುದಿನವೇ ಡಾಕ್ಟರ ಬಳಿ ಹೋಗಿ ದಾರದಲ್ಲಿ ದುರ್ಬೀನಿನ ಸುತ್ತಳತೆ ತಂದರಂತೆ. ಜೀಪಿನ ರೇಡಿಯೇಟರ್ ಹೋಸ್ ಅದಕ್ಕೆ ಅಳತೆ ಮಾಡಿದಂತೆ ಕೂತಿತು. ಗೇಣುದ್ದ ಕತ್ತರಿಸಿ ಡಾಕ್ಟರ ದುರ್ಬೀನಿಗೆ ಕ್ಲಿಪ್ ಹಾಕಿ ಬಿಗಿದರು. ಆದರೆ ಒಳಗಿನ ರಬ್ಬರ್ ಹೊಳೆಯುತ್ತಿತ್ತು, ಬೆಳಕು ಅಲ್ಲಿ ಬಡಿದು ಮತ್ತೆ ಗಾಜಿಗೇ ಬರುತ್ತಿತ್ತು. ಮಸಿ ಬಳಿದು ನೋಡಿದರು, ಅದು ಉದುರಿ ಗಾಜಿನ ಮೇಲೆ ಕೂತಿತು. ಕೊನೆಗೆ ತಮ್ಮ ಹಳೆಯ ಕಪ್ಪು ವೆಲ್ವೆಟ್ ಟೋಪಿಯನ್ನು ಬಿಚ್ಚಿ ಒಳಗೆ ಅಂಟಿಸಿದರು. ಸೈನ್ಯದವರು ಗಾಜು ಹೊಳೆಯದ ಹಾಗೆ ಮುಂದೆ ಜೇನುಗೂಡಿನಂಥ ಜಾಲರಿಯನ್ನೂ ಹಾಕುತ್ತಾರೆ ಎಂದು ಡಾಕ್ಟರು ಹೇಳಿದ್ದಕ್ಕೆ ಸೊಳ್ಳೆ ಜಾಲರಿ ಕಟ್ಟಿಯೂ ನೋಡಿದರು. ದುರ್ಬೀನಿನೊಳಗೆ ಕತ್ತಲಾಯಿತೆಂದು ಕಿತ್ತು ಹಾಕಿದರು. “ನಮ್ ಗಾಜು ಹೊಳೆದ್ರೆ ಆನೆ ಏನು ತಿರುಗಿ ಗುಂಡು ಹೊಡೀತದಾ?” ಎಂದು ನನ್ನ ಹತ್ತಿರ ಹೇಳಿ ನಗಾಡಿದರು.

ಹೋಸಿಗೆ ಡೀಸೆಲ್ ವಾಸನೆ ಇದೆ, ಆನೆ ದೂರದಿಂದಲೇ ಹಿಡಿಯುತ್ತದೆ ಎಂದು ಡಾಕ್ಟರು ತಮಾಷೆಗೆ ಅಂದಿದ್ದರು. ಕಾಕ ಅದನ್ನು ತಮಾಷೆಯಾಗಿ ತೆಗೆದುಕೊಳ್ಳಲಿಲ್ಲ. ವೆಲ್ವೆಟ್ ಕಿತ್ತು, ಹೋಸನ್ನು ಅಂಟುವಾಳದ ನೀರಲ್ಲಿ ಕುದಿಸಿ, ಎಂಟು ದಿನ ಕಾಫಿ ಸಿಪ್ಪೆಯ ರಾಶಿಯಲ್ಲಿ ಹೂತಿಟ್ಟರು. ಮತ್ತೆ ವೆಲ್ವೆಟ್ ಅಂಟಿಸಿ ನಮ್ಮ ಮನೆಗೇ ತಂದರು. ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

“ಇನ್ನು ಇವ್ರು ಮುಂದೆ ನಿಲ್ಬೇಕಾ ಕಾಕ?”

“ಇಲ್ಲಮ್ಮ. ಇನ್ನು ಮುಂದೆ ಹೋಸ್ ನಿಲ್ತದೆ.”

ಅವಳು ಮತ್ತೆ ಕೆಲಸ ಬಿಡುವ ಮಾತೆತ್ತಲಿಲ್ಲ.

ಹೆಗಲು ಕೂಡಿಕೊಂಡು ನಾನು ಮತ್ತೆ ಕೆಲಸಕ್ಕೆ ಹೋಗುವ ಹೊತ್ತಿಗೆ ಎರಡು ತಿಂಗಳಾಗಿತ್ತು. ಅದೇ ಆನೆ ಮತ್ತೆ ತೋಟಕ್ಕಿಳಿದಿತ್ತು, ಕಾಲು ಊರುತ್ತಿರಲಿಲ್ಲ. ನಾನು ಡಾಕ್ಟರ ಹಿಂದೆ, ದಪ್ಪ ಹಲಸಿನ ಮರವೊಂದರ ಪಕ್ಕ ನಿಂತೆ. ಸುಮ್ಮನೆ ನಿಂತ ಕೈಗಳಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಮದ್ದು ತೊಡೆಗೆ ಸರಿಯಾಗಿ ತಾಗಿತು. ತಂತಿ ಕತ್ತರಿಸಿ ತೆಗೆದೆವು. ಗಾಯ ತೊಳೆದು ಔಷಧಿ ಹಾಕಿ ಎಚ್ಚರದ ಮದ್ದು ಕೊಟ್ಟ ಮೇಲೆ ಆನೆ ಎದ್ದು, ಕುಂಟುತ್ತ ಕಾಡು ಹತ್ತಿತು.

ಕೊಟ್ಟಿಗೆಹಾರದಲ್ಲಿ ಜೀಪಿನಿಂದ ಇಳಿದ ಕೂಡಲೇ ಕಾಕ ಬಿಸಿಲಿನ ಮಾತನ್ನೇ ಕೇಳಿದರು. “ಎದುರಿಗೇ ಇತ್ತು ಕಾಕ” ಎಂದೆ. ತಲೆಯಾಡಿಸಿ, ರೇಡಿಯೇಟರನ್ನು ಮತ್ತೆ ನೀರಿಗೆ ಬಿಟ್ಟರು. ಆನೆಯ ವಿಷಯ ಕೇಳಲೇ ಇಲ್ಲ.

ನಾನು ಚಿಕ್ಕಮಗಳೂರಿಗೆ ಹೋದ ಆ ಗುರುವಾರದ ಮಾರನೇ ದಿನ, ಬೆಳಗಿನ ನಮಾಜು ಮುಗಿಸಿ ಬಂದ ಕಾಕ ಎದೆ ಹಿಡಿದುಕೊಂಡು ಕುಳಿತರಂತೆ. ಮಂಗಳೂರಿಗೆ ಕರೆದೊಯ್ಯುವಾಗ ಚಾರ್ಮಾಡಿ ಘಾಟಿ ಇಳಿಯುವಷ್ಟರಲ್ಲಿ ಹೋಗಿಬಿಟ್ಟರು. ಅವರ ಕನ್ನಡಕ ಮಾತ್ರ ಅಂಗಡಿಯ ತೊಟ್ಟಿಯ ಪಕ್ಕದಲ್ಲೇ ಇತ್ತು.

ಈಗ ನಮಗೆ ಹೊಸ ಕೋವಿ ಬಂದಿದೆ. ಅದರ ದುರ್ಬೀನಿಗೆ ಕಂಪನಿಯವರೇ ಕೊಟ್ಟ ಮರೆ ಇದೆ, ತಿರುಗಿಸಿ ಕೂರಿಸುವಂಥದ್ದು. ಚೆನ್ನಾಗಿಯೇ ಇದೆ. ಕಾಕನ ಹೋಸನ್ನು ಡಾಕ್ಟರು ನನಗೆ ಕೊಟ್ಟರು, ಹೆಂಡತಿ ಅದನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಿದ್ದಾಳೆ. ನಾನು ಈಗಲೂ ಡಾಕ್ಟರ ಹಿಂದೆಯೇ ನಿಲ್ಲುತ್ತೇನೆ, ಸಂಜೆ ಮನೆಗೆ ಬರುತ್ತೇನೆ. ಜೀಪಿನಿಂದ ಇಳಿದಾಗ ಆನೆ ಸಿಕ್ಕಿತಾ ಎಂದು ಎಲ್ಲರೂ ಕೇಳುತ್ತಾರೆ. ಬಿಸಿಲು ಯಾವ ಕಡೆ ಇತ್ತು ಎಂದು ಕೇಳುವವರು ಇಲ್ಲ.